ಫೇಲ್ ಮೇಡಂ ನೋಡದ ವಿಡಿಯೋ

"ನನ್ನ ಡ್ರೈವರನ್ನ ಫೇಲ್ ಮಾಡಿದ್ದು ಯಾರು?"

ಟೆಸ್ಟಿಂಗ್ ಲ್ಯಾಬಿನ ಬಾಗಿಲು ದಡಾರನೆ ತೆರೆಯಿತು. ಬಂದವನ ಕೈಯಲ್ಲಿ ಅರ್ಧ ಕುಡಿದ ಕಾಫಿ, ಮೂಗಿನ ತುದಿಯಲ್ಲಿ ಸಿಟ್ಟು.

ಸಾಲು ಪರದೆಗಳ ಹಿಂದೆ ನೆಲದ ಮೇಲೆ ಕೂತು ಕೇಬಲ್ ಸಿಕ್ಕಿಸುತ್ತಿದ್ದವಳು ತಲೆ ಎತ್ತಿದಳು.

"ನಾನೇ. ಏನೀಗ?"

ಜಗಳಕ್ಕೆ ಬಂದವನಿಗೆ ಜಗಳವೇ ಮರೆತುಹೋಗುವಂಥ ಕಣ್ಣುಗಳು ಅವಳವು. ಪಾಪ, ಅವಳಿಗೇ ಅದು ಗೊತ್ತಿರಲಿಲ್ಲ!

"ಅಲ್ಲಾ... ನನ್ನ ಟೇಬಲ್ ಮೇಲೆ ಚೆನ್ನಾಗೇ ಓಡ್ತಿದೆ..."

"ನಿಮ್ಮ ಟೇಬಲ್ ಮೇಲಿರೋದು ಹೊಸ ಸ್ಕ್ರೀನು. ನಮ್ಮ ದೊಡ್ಡಮ್ಮನ ಹತ್ರ ಇರೋದು ಹಳೇ ಟೀವಿ. ನಿಮ್ಮ ಡ್ರೈವರ್ ಇರೋ ಕಂಪ್ಯೂಟರಿಂದ ಅದಕ್ಕೆ ಸಿನಿಮಾ ಹಾಕಿದ್ರೆ ಬರೀ ಕಪ್ಪು! ರಿಮೋಟಿಗೆ ಎರಡೇಟು ಹಾಕಿ, ಆಮೇಲೆ ನಂಗೆ ಬೈತಾರೆ."

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ...

ಸಮಸ್ಯೆ ಇಷ್ಟೇ. ಯಾರೂ ಕದ್ದು ನಕಲು ಮಾಡದಿರಲೆಂದು ಸಿನಿಮಾಗಳಿಗೆ ಬೀಗ ಹಾಕಿರುತ್ತಾರೆ. ಕಂಪ್ಯೂಟರಿಗೂ ಪರದೆಗೂ ನಡುವೆ ನಿಂತ ಡ್ರೈವರ್ ಎಂಬ ಸಾಫ್ಟ್‌ವೇರ್, 'ನಿನ್ನ ಹತ್ತಿರ ಕೀಲಿ ಇದೆಯಾ?' ಎಂದು ಪರದೆಯನ್ನು ಕೇಳುತ್ತದೆ. ಹಳೆಯ ಪರದೆ ತನ್ನ ಹಳೆಯ ಕೀಲಿಯನ್ನೇ ತೋರಿಸುತ್ತದೆ. ಇವನ ಡ್ರೈವರ್ ಅದನ್ನು ಒಪ್ಪುತ್ತಿರಲಿಲ್ಲ. ಆಗ ಚಿತ್ರವೂ ಇಲ್ಲ, ಸದ್ದೂ ಇಲ್ಲ!

ಅಂದಿನಿಂದ ಅವನಿಗೆ ದಿನಕ್ಕೊಂದು ಡೌಟು. ಡೌಟು ಬಂತೆಂದರೆ ಲ್ಯಾಬಿಗೇ ಬರಬೇಕು. ಆಫೀಸಿನವರು 'ಫೇಲ್ ಮೇಡಂ' ಎಂದು ಹೆದರುವವಳ ಪಕ್ಕ ಕುರ್ಚಿ ಎಳೆದುಕೊಂಡು ಕೂರಬೇಕು. ಅವಳಿಗೂ ಬಾಗಿಲ ಸದ್ದಾದರೆ ಕೂದಲು ಸರಿಮಾಡಿಕೊಳ್ಳುವ ಅಭ್ಯಾಸ ಶುರುವಾಯಿತು.

ಒಂದು ದಿನ ಅವನಿಂದ ಬೀಗ ಹಾಕಿದ ವಿಡಿಯೋ ಬಂತು. 'ಇದನ್ನ ನೀವೇ ನೋಡಿ' ಎಂಬ ಒಂದೇ ಸಾಲು.

ಇನ್ನೊಂದು ಟೆಸ್ಟ್ ಇರಬೇಕೆಂದು ಎಂದಿನಂತೆ ಹಳೆಯ ಪರದೆಯ ಮೇಲೆ ಹಾಕಿದಳು. ಕಪ್ಪು!

'ಫೇಲ್. ಯಾರಿಗೂ ತೋರಿಸೋ ಹಾಗಿಲ್ಲ. ಹೊರಗೆ ಬಿಟ್ರೆ ಜನ ನಗ್ತಾರೆ' ಎಂದು ಬರೆದು ಕಳಿಸಿ, ಟೀ ಕುಡಿಯಲು ಹೋದಳು.

ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗ "ನಮಸ್ತೆ ಮೇಡಂ" ಎಂದು ನೆಲ ನೋಡಿಕೊಂಡು ಹೋದ. ಬೇರೆ ಊರಿನ ಆಫೀಸಿಗೆ ವರ್ಗ ಕೇಳಿದ್ದಾನೆಂಬ ಸುದ್ದಿಯೂ ಬಂತು.

'ಒಂದು ಫೇಲ್‌ಗೆ ಇಷ್ಟು ಕೋಪಾನಾ? ಹೋದ್ರೆ ಹೋಗ್ಲಿ!' ಎಂದುಕೊಂಡಳು. ಕಣ್ಣು ಮಾತ್ರ ತುಂಬಿ ಬಂತು.

ರಾತ್ರಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದವಳನ್ನು ದೊಡ್ಡಮ್ಮ ಹಿಡಿದೇಬಿಟ್ಟರು.

"ಯಾರೇ ಅವನು?"

"ಯಾರೂ ಇಲ್ಲ!"

"ಸರಿ. ಆ 'ಯಾರೂ ಇಲ್ಲ'ದವನನ್ನ ಕೈ ಜಾರೋಕೆ ಮುಂಚೆ ಒಂದ್ಸಲ ಮಾತಾಡ್ಸು."

ಅವನು ಹೊರಡುವ ದಿನವೇ ಹೊಸ ಡ್ರೈವರ್ ಲ್ಯಾಬಿಗೆ ಬಂತು. ಹಿಂದೆ ಫೇಲ್ ಆದದ್ದನ್ನೆಲ್ಲ ಮತ್ತೆ ಓಡಿಸಿ ನೋಡುವುದು ಅಲ್ಲಿನ ನಿಯಮ. ಹಳೆಯ ಪರದೆಯ ಮೇಲೆ ಸಿನಿಮಾ ಹಾಕಿದಳು... ಚಿತ್ರ ಬಂತು! ಹಳೆಯ ಕೀಲಿಗೆ ಹೊಂದುವ ಕಡಿಮೆ ಗುಣಮಟ್ಟದ ಚಿತ್ರವನ್ನಾದರೂ ಕೊಡಲು ಅವನು ಡ್ರೈವರಿಗೆ ಕಲಿಸಿದ್ದ. ತುಸು ಮಸುಕು, ಅಷ್ಟೇ.

ಆಮೇಲೆ ಆ ವಿಡಿಯೋ.

ಇಸ್ತ್ರಿ ಮಾಡಿದ ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಅವನೇ ನಿಂತಿದ್ದ!

"ಇದು ಟೆಸ್ಟ್ ವಿಡಿಯೋ ಅಲ್ಲ... ಬೇರೆ ಯಾರೂ ನೋಡಬಾರದು ಅಂತ ಬೀಗ ಹಾಕಿದೀನಿ. ನಂಗೆ ಡೌಟು ಗೀಟು ಏನೂ ಇಲ್ಲ ರೀ. ನಿಮ್ಮನ್ನ ನೋಡೋಕೇ ಬರೋದು. ನನ್ನ ಜೊತೆ... ಬದುಕ್ತೀರಾ?"

'ಅಯ್ಯೋ ದೇವ್ರೇ! ಇದಕ್ಕಾ ನಾನು ಜನ ನಗ್ತಾರೆ ಅಂತ ಬರೆದಿದ್ದು!'

ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಓಡಿದಳು. ಅವನು ತನ್ನ ಮೇಜಿನ ಬಳಿ ನಿಂತು ಕಾಫಿ ಕಪ್ಪನ್ನು ಡಬ್ಬಿಗೆ ತುಂಬುತ್ತಿದ್ದ.

"ನಾನು ನೋಡೇ ಇರ್ಲಿಲ್ಲ!" ಏದುಸಿರಿನಲ್ಲೇ ಹೇಳಿದಳು. "ಹಳೇ ಸ್ಕ್ರೀನ್ ಮೇಲೆ ಹಾಕಿದ್ದೆ ಕಣ್ರೀ, ಬರೀ ಕಪ್ಪು! ಈಗಷ್ಟೇ ನೋಡ್ದೆ..."

ಅವನ ಕೈ ಅಲ್ಲೇ ನಿಂತಿತು. "ನೀವು... ನೋಡೇ ಬರೆದಿದ್ದೀರ ಅಂದ್ಕೊಂಡೆ."

"ಅಂದ್ಕೊಂಡು ಊರೇ ಬಿಡೋದಾ? ಬಾಯ್ಬಿಟ್ಟು ಕೇಳೋಕಾಗ್ಲಿಲ್ವಾ?"

"ಕೇಳೋ ಧೈರ್ಯ ಇದ್ದಿದ್ರೆ ವಿಡಿಯೋ ಯಾಕೆ ಮಾಡ್ತಿದ್ದೆ?"

ಅಳುತ್ತಲೇ ನಕ್ಕಳು. "ಅಷ್ಟು ಬೇಜಾರಾಗಿದ್ರೂ ಹಳೇ ಸ್ಕ್ರೀನಿನ ಕೆಲಸ ಯಾಕೆ ಮುಗಿಸಿದ್ರಿ?"

"ನಿಮ್ಮ ದೊಡ್ಡಮ್ಮ ನಿಮಗೆ ಬೈಯೋದಾದ್ರೂ ತಪ್ಪಲಿ ಅಂತ."

ಅವಳು ಡಬ್ಬಿಯಿಂದ ಕಾಫಿ ಕಪ್ ತೆಗೆದು ಮೇಜಿನ ಮೇಲಿಟ್ಟಳು.

"ವರ್ಗ ಬೇಡ ಅಂತ ಇವತ್ತೇ ಹೇಳಿ. ಅದಕ್ಕೂ ಮೊದಲು, ಅದರಲ್ಲಿ ಕೇಳಿದ್ದನ್ನ ಎದುರಿಗೆ ನಿಂತು ಕೇಳಿ."

ಅಕ್ಕಪಕ್ಕದ ಕೀಬೋರ್ಡುಗಳೆಲ್ಲ ಸದ್ದು ನಿಲ್ಲಿಸಿದ್ದವು.

"ಇಲ್ಲೇನಾ?"

"ಇಲ್ಲೇ."

ಅವನು ಅವಳ ಕೈ ಹಿಡಿದ. "ನನ್ನ ಜೊತೆ ಬದುಕ್ತೀರಾ?"

"ಬದುಕ್ತೀಯಾ ಅನ್ನು."

"...ಬದುಕ್ತೀಯಾ?"

"ಹೂಂ ಕಣೋ."