ಇಪ್ಪತ್ತಮೂರು ಸೊನ್ನೆ

“ಸೊನ್ನೆ ಬರಿಯೇ,” ಎಂದಳು ಜೋಗಮ್ಮಜ್ಜಿ.

ಉಚ್ಚಂಗಿ ಕಾಗದದ ಮೇಲೆ ಪೆನ್ಸಿಲು ಇಟ್ಟಳು, ಮತ್ತೆ ತೆಗೆದಳು. “ಕಾಲು ಇಲ್ಲೇ ಐತಲ್ಲಜ್ಜಿ. ಹುಣ್ಣೂ ಕಾಣ್ತೈತೆ.”

“ಕಾಣೋದು ನಿನಗೆ. ಕಾಗದಕ್ಕೇನು ಕಣ್ಣೈತಾ?”

ಅಜ್ಜಿ ಊರ ಮೆಟ್ಟಿಲು ಬಾವಿಯ ಕೊನೆಯ ಮೆಟ್ಟಿಲಲ್ಲಿ ಕೂತು ಎಡಗಾಲನ್ನು ನೀರಿಗೆ ಬಿಟ್ಟಿದ್ದಳು. ಪಾದದ ಹುಣ್ಣಿನಿಂದ ನಾರುಹುಳು ಬಿಳಿ ದಾರದ ಹಾಗೆ ಹೊರಗೆ ಬಂದಿತ್ತು. ಅದನ್ನು ಪೊರಕೆಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹುಳು ತುಂಡಾಗಿ ಕಾಲೆಲ್ಲ ಬಾತುಕೊಳ್ಳುತ್ತದೆ. ಹುಣ್ಣು ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ನೀರಿಗೆ ಬಿಟ್ಟಾಗ ಮಾತ್ರ ಅಜ್ಜಿಯ ಮುಖದ ಗಂಟು ಸಡಿಲವಾಗುತ್ತಿತ್ತು.

ಕಾಗದ ಕೊಟ್ಟವರು ಇಸ್ಕೂಲಿನ ಕೊಟ್ಟೂರಪ್ಪ ಮೇಷ್ಟ್ರು. ದೂರದ ಯೂನಿವರ್ಸಿಟಿಯಿಂದ ಮೂವರು ಬಂದು ಮೊಳಕಾಲ್ಮೂರು ಸೀಮೆಯ ಊರೂರು ಸುತ್ತುತ್ತಿದ್ದರು. ಯೂನಿವರ್ಸಿಟಿ ಅಂದರೆ ಬಹಳ ದೊಡ್ಡವರು ಓದುವ ಬಹಳ ದೊಡ್ಡ ಇಸ್ಕೂಲಂತೆ. ಒಬ್ಬರು ಹುಣ್ಣು ನೋಡುವ ಡಾಕ್ಟರು, ಒಬ್ಬರು ನೀರಿನ ಹುಳು ನೋಡುವವರು, ಇನ್ನೊಬ್ಬರು ಬಾವಿ ಅಳೆಯುವವರು. ಮೂವರಿಗೂ ಸೇರಿ ಒಂದೇ ಎತ್ತಿನ ಗಾಡಿ. ಮನೆಯಲ್ಲಿ ಎಷ್ಟು ಜನಕ್ಕೆ ನಾರುಹುಣ್ಣು ಆಗಿದೆ ಎಂದು ಮಕ್ಕಳು ಬರೆದು ತರಬೇಕಿತ್ತು.

“ಪಿಲೇಗು ಬಂದಾಗ್ಲೂ ಹಿಂಗೇ ಬರಕೊಂಡ್ರು,” ಎಂದಳು ಅಜ್ಜಿ. “ಬರೆಸಿದೋರನ್ನೆಲ್ಲ ಊರಾಚೆ ಗುಡಿಸಲಿಗೆ ಹಾಕಿದ್ರು. ನನ್ನೂ ಹಾಕಿದ್ರೆ ನಿನ್ನ ಜಡೆ ಯಾರು ಹೆಣೀತಾರೆ? ನಿಮ್ಮವ್ವ ಹೆಣೆದಿದ್ದು ಮಧ್ಯಾಹ್ನಕ್ಕೇ ಬಿಚ್ಕೊಂತೈತೆ.”

ಉಚ್ಚಂಗಿ ಸೊನ್ನೆ ಬರೆದಳು. ಅದು ಸ್ವಲ್ಪ ಸೊಟ್ಟಗಾಯಿತು.

ಇಸ್ಕೂಲಿನಲ್ಲಿ ಮೇಷ್ಟ್ರು ಆ ಮೂವರ ಮುಂದೆ ಕಾಗದಗಳನ್ನು ಒಂದೊಂದಾಗಿ ಬಿಡಿಸಿದರು. ಸೊನ್ನೆ. ಇದೂ ಸೊನ್ನೆ. ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಸೊನ್ನೆ.

“ಪುಣ್ಯವಂತರ ಊರು ಕಣ್ರೀ,” ಎಂದರು ಬಾವಿ ಅಳೆಯುವವರು.

“ಬಾವಿ ತುಂಬ ಹುಣ್ಣು ಹರಡೋ ನಮ್ಮ ಕೀಟ ಇದೆ. ಹುಣ್ಣು ಹೇಗ್ರೀ ಇಲ್ಲ?” ಎಂದರು ಹುಳು ನೋಡುವವರು.

“ಹೋಗಿ ನಿಮ್ಮ ಕೀಟನೇ ಕೇಳಿ. ಹುಣ್ಣಿಲ್ಲದ ಊರಲ್ಲಿ ನನಗೇನು ಕೆಲಸ? ನಾಳೆ ಮುಂದಿನ ಊರಿಗೆ ಗಾಡಿ ಕಟ್ಟಿಸಿ,” ಎಂದರು ಡಾಕ್ಟರು.

ಉಚ್ಚಂಗಿಗೆ ಹಗುರವಾಯಿತು. ಅಜ್ಜಿ ಉಳಿದಳು.

ಹೊರಡುವ ಮುಂಚೆ ಹುಳು ನೋಡುವವರು ಬೇವಿನ ಮರದ ಕೆಳಗೆ ತಮ್ಮ ಹಿತ್ತಾಳೆ ಕೊಳವೆಯ ಭೂತಗನ್ನಡಿ ಇಟ್ಟರು. ಮಕ್ಕಳು ಸಾಲು ನಿಂತರು. ಉಚ್ಚಂಗಿ ಒಂದು ಕಣ್ಣು ಮುಚ್ಚಿ ಇಣುಕಿದಳು. ಬಾವಿಯ ನೀರಿನ ಒಂದು ಹನಿಯಲ್ಲಿ ಏನೋ ಚಂಗನೆ ನೆಗೆಯಿತು.

“ಕುಣೀತೈತೆ! ಇದೇ ನಾರುಹುಳುನಾ ಸ್ವಾಮಿ?”

“ಅಲ್ಲಮ್ಮ. ನಾರುಹುಳು ಊರು ಸುತ್ತೋಕೆ ಇಟ್ಟುಕೊಂಡಿರೋ ಗಾಡಿ ಇದು.” ಅವರು ಕುಕ್ಕರಗಾಲಲ್ಲಿ ಕೂತರು. “ಹುಣ್ಣಿರೋ ಕಾಲು ನೀರಿಗಿಟ್ಟರೆ ನಾರುಹುಳು ಸಾವಿರಾರು ಮರಿ ಬಿಡುತ್ತೆ. ಮರಿಗಳನ್ನ ಈ ಕೀಟ ತಿನ್ನುತ್ತೆ. ಆ ನೀರನ್ನ ಸೋಸದೆ ಕುಡಿದರೆ ಮರಿ ನಮ್ಮ ಮೈಯೊಳಗೆ ಬೆಳೆಯುತ್ತೆ. ಸುಮಾರು ಒಂದು ವರ್ಷ ಆದಮೇಲೆ ಕಾಲಿಂದ ಹೊರಗೆ ಬರುತ್ತೆ.”

“ಒಂದು ವರ್ಷನಾ?”

“ಹೂಂ. ಈ ಬೇಸಿಗೆ ಒಬ್ಬರ ಕಾಲಿಂದ ಹೊರಟಿದ್ದು ಮುಂದಿನ ಬೇಸಿಗೆ ಇನ್ನೊಬ್ಬರ ಕಾಲಲ್ಲಿ.”

ಉಚ್ಚಂಗಿ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಅವಳಿಗೆ ಹನಿ ಕಾಣುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ನಾರುಹುಣ್ಣು ಆಗಿದ್ದದ್ದು ಅವಳಿಗೇ. ಉರಿ ಎಂದು ಅಳುತ್ತಿದ್ದವಳನ್ನು ಅಜ್ಜಿ ದಿನವೂ ಸೊಂಟದ ಮೇಲೆ ಹೊತ್ತು ನಲವತ್ತು ಮೆಟ್ಟಿಲು ಇಳಿಯುತ್ತಿದ್ದಳು. ಅವಳ ಕಾಲನ್ನು ನೀರಿಗೆ ಬಿಡುತ್ತಿದ್ದಳು. ಆಮೇಲೆ ಏದುಸಿರು ಬಿಡುತ್ತ, ಅಲ್ಲೇ ಎರಡು ಬೊಗಸೆ ನೀರು ಮೊಗೆದು ಕುಡಿಯುತ್ತಿದ್ದಳು. ಹಾಗೆ ಒಂದು ತಿಂಗಳು.

“ಸರಿಯೇ ಅತ್ಲಾಗೆ! ಎಷ್ಟೊತ್ತು ನೋಡ್ತೀಯಾ?” ಸಾಲಿನಲ್ಲಿ ಹಿಂದಿದ್ದ ಹುಡುಗ ಚಿತ್ತಪ್ಪ ತಳ್ಳಿದ.

ಉಚ್ಚಂಗಿ ನೆಟ್ಟಗೆ ಡಾಕ್ಟರ ಹತ್ತಿರ ಹೋದಳು. “ಸ್ವಾಮಿ, ಹುಣ್ಣಿರೋರನ್ನ ಊರಾಚೆ ಹಾಕ್ತೀರಾ?”

“ಯಾಕಮ್ಮ ಹಾಕಬೇಕು? ಹುಣ್ಣಿಗೆ ಬಟ್ಟೆ ಕಟ್ಟಿ ಮನೆಯಲ್ಲೇ ಇರಬಹುದು. ಆ ಕಾಲು ಬಾವಿಗೆ ಇಳಿಯದಿದ್ದರೆ ಸಾಕು.”

“ಹಂಗಾದ್ರೆ... ನನ್ನ ಸೊನ್ನೆ ಸುಳ್ಳು. ನಮ್ಮಜ್ಜಿಗೆ ಐತೆ. ಒಂದು.”

ಮೇಷ್ಟ್ರ ಹುಬ್ಬು ಮೇಲೇರಿತು. ಅವರು ಬಾಯಿ ತೆರೆಯುವ ಮುಂಚೆ ಚಿತ್ತಪ್ಪ ಕೂಗಿದ, “ನಮ್ಮನೇದೂ ಸುಳ್ಳು ಸಾ! ಎರಡು!”

“ನಮ್ಮನೇಲಿ ಮೂರು ಐತೆ!” ಎಂದ ಪಾಲಯ್ಯ, ಪಂದ್ಯ ಗೆದ್ದವನ ಹಾಗೆ.

“ಲೇ, ನಿಮ್ಮ ಮಾವಂದು ಬೇರೆ ಮನೆ ಕಣಲೇ! ಎರಡೇ!” ಎಂದ ಚಿತ್ತಪ್ಪ.

“ಸಾಲಾಗಿ ಬನ್ರೋ, ಸಾಲಾಗಿ!” ಎನ್ನುತ್ತ ಡಾಕ್ಟರು ಜೇಬಿನಲ್ಲಿ ಪೆನ್ಸಿಲು ಹುಡುಕತೊಡಗಿದರು.

ಮಧ್ಯಾಹ್ನ ಉಚ್ಚಂಗಿ ಒಬ್ಬಳೇ ಬಾವಿಗೆ ಹೋದಳು. ತುಂಬಿದ ಕೊಡ ಹೊತ್ತು, ಮೂರು ಕಡೆ ನಿಂತು, ನಲವತ್ತು ಮೆಟ್ಟಿಲು ಹತ್ತಿದಳು. ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಂದೆ ಅಗಲವಾದ ಮಣ್ಣಿನ ಬಾನಿ ಇಟ್ಟು ನೀರು ಸುರಿದಳು.

“ಇದೇನೇ? ಕೈ ಹಿಡಿ, ಬಾವಿಗೆ ಹೋಗಾನ.”

“ಬ್ಯಾಡಜ್ಜಿ. ಬಾವೀನೇ ಹೊತ್ಕೊಂಡು ಬಂದೀನಿ.”

“ನನ್ನ ಹೊರೋಕಾಗಲ್ಲ ಅಂತ ಬಾವಿ ಹೊತ್ಯಾ?”

“ಹೂಂ. ಬಾವಿಗಿಂತ ನೀನೇ ದಪ್ಪ.”

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಕಾಲನ್ನು ಮೆಲ್ಲಗೆ ಬಾನಿಗೆ ಬಿಟ್ಟಳು. ಉಚ್ಚಂಗಿ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು: ಕುಣಿಯುವ ಕೀಟ, ಸಾವಿರಾರು ಮರಿ, ಸಂಜೆ ಬಟ್ಟೆ ಕಟ್ಟಲು ಬರುವ ಡಾಕ್ಟರು, ಗುಡಿಸಲಿಗೆ ಯಾರನ್ನೂ ಕಳಿಸುವುದಿಲ್ಲ ಎಂಬುದು. ಒಂದು ವರ್ಷದ ಮಾತನ್ನೂ ಹೇಳಿದಳು.

“ಹಂಗಾದ್ರೆ ನನಗೆ ಯಾರ ಕಾಲಿಂದ ಬಂತೋ ಏನೋ,” ಎಂದಳು ಅಜ್ಜಿ.

ಉಚ್ಚಂಗಿ ತನ್ನ ಪಾದವನ್ನು ಲಂಗದೊಳಗೆ ಎಳೆದುಕೊಂಡಳು.

ಅಜ್ಜಿ ಆ ಲಂಗದ ಅಂಚನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬಾನಿಯಲ್ಲಿ ಕಾಲಾಡಿಸಿದಳು.

“ಯಾರದ್ದಾದ್ರೇನು ಬಿಡು. ನೀರು ಭಾಳ ತಣ್ಣಗೈತೆ.”

ಉಚ್ಚಂಗಿ ಅಜ್ಜಿಯ ತೋಳಿಗೆ ಒಮ್ಮೆ ಕೆನ್ನೆ ಒತ್ತಿದಳು. ಬಾನಿಯ ನೀರು ಬೆಚ್ಚಗಾದ ಮೇಲೆ ಅದನ್ನು ಎತ್ತಿಕೊಂಡು, ಬಾವಿಯಿಂದ ದೂರದ ಒಣ ಮರಳಿನ ಮೇಲೆ ಚೆಲ್ಲಿ ಬಂದಳು. ಡಾಕ್ಟರು ಬರಲು ಇನ್ನೂ ಹೊತ್ತಿತ್ತು. ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು ಮತ್ತೆ ಕೊಡ ತೆಗೆದುಕೊಂಡಳು.