ಹಗ್ಗದ ಈ ತುದಿ

'ನನ್ನನ್ನು ಅವನು ಸೊಕ್ಕಿನವಳು ಅಂದುಕೊಂಡಿರಬಹುದಾ...?'

ಲಾಡ್ಜಿನ ಕಿಟಕಿಯ ಗಾಜಿಗೆ ಹಣೆ ಆನಿಸಿ ಅವಳು ತನ್ನನ್ನೇ ಕೇಳಿಕೊಂಡಳು. ಶರತ್ಕಾಲದ ಮಳೆ ನಿಂತು ನಿಂತು ಸುರಿಯುತ್ತಿತ್ತು. ದಂಡೆಯ ಅಂಗಡಿಗಳೆಲ್ಲ ಟಾರ್ಪಾಲು ಹೊದ್ದು ಮಲಗಿದ್ದವು. ಅವುಗಳಾಚೆ ಬೂದಿ ಬಣ್ಣದ ಕಡಲು ಒಳಗೊಳಗೇ ಏನನ್ನೋ ಅಗಿಯುತ್ತಿದ್ದಂತಿತ್ತು.

ಬಂದ ಸಂಜೆಯೇ ನಡೆದದ್ದು ಅದು. ಪಾದ ನೆನೆಸಲು ನೀರಿಗಿಳಿದಿದ್ದಳು, ಅಷ್ಟೇ. ಯಾರೋ ಕಸಿದುಕೊಂಡಂತೆ ಕಾಲಡಿಯ ಮರಳು ಜಾರಿತು! ಮರುಕ್ಷಣವೇ ಒಂದು ಒರಟು ಕೈ ಅವಳ ತೋಳು ಹಿಡಿದು ದಡಕ್ಕೆಳೆದಿತ್ತು.

"ಸಾಯೋಕೆ ಬಂದಿದ್ದೀರಾ ಇಲ್ಲಿಗೆ? ಕೆಂಪು ಬಾವುಟ ಕಣ್ಣಿಗೆ ಬೀಳಲ್ವಾ?"

ದಂಡೆ ಕಾಯುವ ಯುವಕ. ಬೈಯುತ್ತಿದ್ದರೂ ಅವಳ ತೋಳು ಬಿಟ್ಟಿರಲಿಲ್ಲ. ಥ್ಯಾಂಕ್ಸ್ ಎನ್ನಬೇಕಿತ್ತು... ಕೈ ಕೊಸರಿಕೊಂಡು ಓಡಿಬಂದಿದ್ದಳು. ಅಂದಿನಿಂದ ಅವನು ಎದುರಾದರೆ ಇವಳು ರಸ್ತೆಯ ಆಚೆ ಬದಿಗೆ. ಇವಳು ಕಂಡರೆ ಅವನು ಮುಖ ತಿರುಗಿಸುತ್ತಿದ್ದ. ಆದರೂ ಬೆಳಗಾದರೆ ಅವಳ ಕಣ್ಣು ಹುಡುಕುತ್ತಿದ್ದುದು ಅವನನ್ನೇ.

"ಪುಟ್ಟೀ, ಬ್ಯಾಗ್ ತುಂಬಿದ್ಯಾ? ಇನ್ನೇನು ಹೊರಡೋದೇ!" ಅಕ್ಕನ ಕೂಗು. "ಸೀಸನ್ ಅಲ್ಲ, ಲಾಡ್ಜಿಗೆ ಅರ್ಧ ಬಾಡಿಗೆ ಅಂತ ನಿಮ್ಮ ಭಾವ ಕರ್ಕೊಂಡು ಬಂದ್ರು. ಅರ್ಧ ಕಡಲೂ ನೋಡಿದ ಹಾಗಾಗ್ಲಿಲ್ಲ."

"ಮಳೆ ಪೂರ್ತಿ ಸಿಕ್ತಲ್ಲೇ, ಅದಕ್ಕೇನು ದುಡ್ಡು ಕೇಳಿದ್ರಾ?" ಭಾವ ನಕ್ಕರು.

ಅವಳಿಗೆ ನಗು ಬರಲಿಲ್ಲ. ಕೆಳಗೆ ಅವನು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಅಲೆಗಳು ನೀರಡಿಯ ಗುಂಡಿಯ ಜಾಗವನ್ನು ದಿನವೂ ಬದಲಿಸುತ್ತವೆ. ಬೆಳಿಗ್ಗೆ ಅವನು ಎದೆಮಟ್ಟ ಇಳಿದು, ಬಿದಿರ ಗಳದಿಂದ ತಡವಿ ಅದನ್ನು ಪತ್ತೆ ಮಾಡಬೇಕು. ಅದರ ನೇರಕ್ಕೆ ದಡದಲ್ಲಿ ಬಾವುಟ ನೆಡಬೇಕು. ಹಗ್ಗದ ಈ ತುದಿ ಹಿಡಿಯುತ್ತಿದ್ದವರು ಲಾಡ್ಜಿನ ಅಡುಗೆಯ ಅಜ್ಜ.

ಇವತ್ತು ಅಜ್ಜ ಇಲ್ಲ! ಅವನು ತುದಿಯನ್ನು ಕಂಬಕ್ಕೆ ಕಟ್ಟುತ್ತಿದ್ದಾನೆ...

ಹೀಗೇ ಕಟ್ಟಿ ಇಳಿದವನೊಬ್ಬ ಹಿಂದೊಮ್ಮೆ ಮರಳಲಿಲ್ಲವೆಂದು ಅಜ್ಜ ಟೀ ಕೊಡುವಾಗ ಹೇಳಿದ್ದರು. "ಆ ಕಡೆಯವನು ಜಗ್ಗಿದ್ದು ಕಂಬಕ್ಕೇನು ಗೊತ್ತಾಗುತ್ತೆ, ಮಗಳೇ?"

ಅವಳು ಕೊಡೆಯನ್ನೂ ಹಿಡಿಯದೆ ಓಡಿದಳು. ಮಾತಾಡದೆ ಹಗ್ಗಕ್ಕೆ ಕೈ ಚಾಚಿದಳು.

"ನೀವಾ? ನನ್ನ ಮುಖ ಕಂಡ್ರೇ ಆಗಲ್ವಲ್ಲ ನಿಮಗೆ!"

ಅವಳು ಹಾಗಲ್ಲವೆಂಬಂತೆ ತಲೆಯಾಡಿಸಿದಳು. "ಅಜ್ಜ...?"

"ಜ್ವರ, ಎದ್ದಿಲ್ಲ." ಅವನು ತುದಿಯನ್ನು ಕಂಬದಿಂದ ಬಿಚ್ಚಿ ಅವಳ ಕೈಗಿತ್ತ. "ಸಡಿಲ ಬಿಡ್ತಾ ಇರಿ. ನಾನು ಜಗ್ಗಿದ್ರೆ ಮಾತ್ರ ಎಳೀರಿ. ತಿಳೀತಾ?"

ಅವನು ಇಳಿದ. ಸೊಂಟ ಮುಳುಗಿತು, ಎದೆ ಮುಳುಗಿತು. ಆಕಾಶ ಇನ್ನಷ್ಟು ಕಪ್ಪಾಯಿತು. ಜೀವ ಬಂದಂತೆ ಹಗ್ಗ ಅವಳ ಅಂಗೈಯೊಳಗಿಂದ ಸರಿಯುತ್ತಿತ್ತು. ಒಂದು ಅಲೆ ಅವನ ಮೇಲೆ ಮಗುಚಿತು. ತಲೆ ಕಂಡಿತು... ಮತ್ತೊಂದು ಅಲೆ... ಕಾಣಲಿಲ್ಲ.

ಹಗ್ಗ ಸಡಿಲವಾಯಿತು. ಆ ತುದಿಯಲ್ಲಿ ಯಾರೂ ಇಲ್ಲದಷ್ಟು ಹಗುರ!

'ಜಗ್ಗಿ... ಒಂದೇ ಸಲ ಜಗ್ಗಿಬಿಡಿ...'

ಜಗ್ಗಲಿಲ್ಲ. ಅವಳು ಎಳೆದಳು! ಹಿಮ್ಮಡಿ ಮರಳಿಗೆ ಊರಿ, ಮೈಭಾರವನ್ನೆಲ್ಲ ಹಾಕಿ ಎಳೆದಳು.

ಅವನು ಮುಗ್ಗರಿಸುತ್ತಾ, ನೀರು ಕಾರುತ್ತಾ ದಡಕ್ಕೆ ಬಂದು ಬಿದ್ದ.

"ನಾನು ಜಗ್ಗಲೇ ಇಲ್ವಲ್ರೀ! ಗುಂಡಿ ಇನ್ನೇನು ಸಿಕ್ತಿತ್ತು, ಬೀಳಿಸಿಬಿಟ್ರಿ! ಯಾಕೆ ಎಳೆದ್ರಿ?"

ಅವಳು ಹಗ್ಗವನ್ನು ಇನ್ನೂ ಹಿಡಿದೇ ಇದ್ದಳು. ಅವನ ಕಣ್ಣು ಅವಳ ಅಂಗೈಗೆ ಬಿತ್ತು. ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

"ಅಯ್ಯೋ... ಏನಿದು?" ದನಿ ಇಳಿಯಿತು. "ಸಾಕು, ಬಿಡಿ. ಕಂಬಕ್ಕೇ ಕಟ್ತೀನಿ."

"ಮತ್ತೆ... ಇಳೀತೀರಾ?"

"ಇಳೀದೆ? ಬಾವುಟ ಇಲ್ದೇ ಇದ್ರೆ ಯಾರಾದ್ರೂ ಬಂದು ನೀರಿಗೆ ಕಾಲಿಡ್ತಾರೆ. ಬಾವುಟ ಇದ್ರೂ ಇಡೋರಿದ್ದಾರೆ!"

ಮೇಲಿನ ರಸ್ತೆಯಲ್ಲಿ ಭಾವ ಕಾರಿನ ಹಾರನ್ ಒತ್ತಿದರು.

"ಕರೀತಿದ್ದಾರೆ, ಹೋಗಿ. ಹಗ್ಗ ಬಿಡಿ."

"ಬಿಡಲ್ಲ."

"ಎಂಥ ಹಠ ರೀ ಇದು! ನಾನು ಮುಳುಗಿದ್ರೆ ನಿಮಗೇನು?"

ಹಾರನ್ ಮತ್ತೆ ಕೂಗಿತು. ಅವನ ಬೆನ್ನ ಹಿಂದೆ ಕಡಲು ಕಾಯುತ್ತಿತ್ತು. ಇಷ್ಟು ದಿನ ಗಂಟಲಲ್ಲೇ ಉಳಿದ ಮಾತು ಅವಳ ತುಟಿವರೆಗೆ ಬಂತು, ಪಿಸುದನಿಯಾಗಿ ಹೊರಬಿತ್ತು.

ಅವನು ಹತ್ತಿರ ಬಾಗಿದ. "ಏನಂದ್ರಿ? ಗಾಳೀಲಿ ಕೇಳಿಸ್ಲಿಲ್ಲ."

ಅವಳು ತಲೆಯೆತ್ತಿದಳು.

"ನೀವು ನನಗೆ ಬೇಕು ಅಂದೆ!"