ಮುತ್ತಲಹಾಳದ ಗುಡ್ಡಕ್ಕೆ ಮರಗುರುತು ಬಂದದ್ದು

ಎಲೆಯೊಂದೂ ಇಲ್ಲದ ಮರದ ಮೈಗೆ ಡಾ. ಸಿಂಚನಾ ಕುರಡಗಿ ಅಂಗೈಯಗಲದ ಯಂತ್ರವನ್ನು ಒತ್ತಿ ಹಿಡಿದರು. ಅದರಿಂದ ಹೊರಟ ಬೆಳಕು ತೊಗಟೆಯೊಳಗೆ ಉಗುರಿನಷ್ಟು ಆಳಕ್ಕಿಳಿದು ಹಿಂದಿರುಗಿತು. ಬಿರುಕುಗಳು ಹೋದ ದಾರಿ, ಪದರಗಳ ದಪ್ಪ, ಗಾಳಿಯಾಡಲೆಂದು ಮರವೇ ತೊಗಟೆಯಲ್ಲಿ ಬಿಟ್ಟುಕೊಂಡ ಸಣ್ಣ ಕಿಂಡಿಗಳ ಸಾಲು, ಎಲ್ಲವನ್ನೂ ತನ್ನ ನೆನಪಿನೊಂದಿಗೆ ತಾಳೆ ನೋಡಿ ಯಂತ್ರ ಹೇಳಿತು: "ದಿಂಡಲ."

"ಹೌದ್ರೀ, ದಿಂಡಲಾನ!" ಎಂದು ಮುತ್ತಲಹಾಳದ ಪಂಚಾಯ್ತಿ ಅಧ್ಯಕ್ಷೆ ಚಂದನಾ ಮೇಟಿ ಚಪ್ಪಾಳೆ ತಟ್ಟಿದಳು.

ಆ ಯಂತ್ರದ ಹೆಸರು ಮರಗುರುತು. ಸಿಂಚನಾ ಎಂಬುದು ಅಜ್ಜಿಯರ ಹೆಸರಾಗಿಬಿಟ್ಟಿದ್ದ ಆ ಕಾಲದಲ್ಲಿ, ಗದಗ ಸೀಮೆಯ ಈ ಅಜ್ಜಿ ಕಟ್ಟಿದ ಯಂತ್ರ ದೇಶದ ಕಾಡುಗಳಲ್ಲೆಲ್ಲ ಓಡಾಡುತ್ತಿತ್ತು. ಅದು ಬರುವ ಮೊದಲು ಸರ್ವೆಯವರು ಗುಡ್ಡಗಳನ್ನು ನೋಡಲು ಬರುತ್ತಿದ್ದುದು ಬೇಸಿಗೆಯಲ್ಲಿ. ಆಗ ದಾರಿ ಒಣಗಿರುತ್ತದೆ, ಜೀಪು ಹೂತುಹೋಗುವುದಿಲ್ಲ. ಆದರೆ ಬಯಲುಸೀಮೆಯ ಗುಡ್ಡದ ಮರಗಳೂ ಆಗಲೇ ಎಲೆಯುದುರಿಸಿ ನಿಂತಿರುತ್ತವೆ. ಎಲೆ ಹೂವು ಇಲ್ಲದ ಮರದ ಗುರುತು ಹತ್ತದೆ, ಎಲ್ಲಕ್ಕೂ ಸೇರಿಸಿ 'ಕುರುಚಲು' ಎಂದು ಬರೆದು ಹೋಗುತ್ತಿದ್ದರು. ಕುರುಚಲು ಎಂದರೆ ಯಾರು ಬೇಕಾದರೂ ಕೇಳಬಹುದಾದ ಜಾಗ.

ಮುತ್ತಲಹಾಳದ ಗುಡ್ಡವನ್ನೂ ಒಂದು ಕಂಪನಿಯವರು ಹಾಗೆಯೇ ಕೇಳಿದ್ದರು, ಬ್ಯಾಟರಿ ಉಗ್ರಾಣ ಕಟ್ಟಲು. ಊರು ಒಪ್ಪಲಿಲ್ಲ. ಹೊಸ ಕಾನೂನಿನ ಪ್ರಕಾರ ಗುಡ್ಡದ ಮೇಲಿನ ಪ್ರತಿಯೊಂದು ಜಾತಿಯ ಮರಕ್ಕೂ ಹೆಸರು ಹೇಳಿದರೆ ಅದು ಕಾಡು. ಒಂದು ಜಾತಿ ತಪ್ಪಿದರೂ ಕುರುಚಲೇ. ಪರೀಕ್ಷೆಗೆ ಒಂದೇ ದಿನ, ಅದು ಇವತ್ತು. ಭೂಬಳಕೆ ಸಮಿತಿಯಿಂದ ಧನುಷ್ ಎಂಬ ಹಿರಿಯ ಅಧಿಕಾರಿ ಬಂದಿದ್ದರು. ಕೆಟ್ಟವರೇನಲ್ಲ, ಸಂಜೆಯೊಳಗೆ ಊರು ಬಿಡುವ ಅವಸರದವರು.

ಊರ ಬದಿಯ ದಿಂಡಲವನ್ನು ದಾಟಿ ಗುಡ್ಡದ ತಿರುವಿಗೆ ಬಂದ ಸಿಂಚನಾ ಅಲ್ಲೇ ನಿಂತುಬಿಟ್ಟರು. ಕಣ್ಣಿಗೆ ಕಂಡಷ್ಟು ದೂರ ಮರಗಳ ಬೊಡ್ಡೆಗೆಲ್ಲ ಸುಣ್ಣ, ಸುಣ್ಣದ ನಡುವೆ ಕೆಮ್ಮಣ್ಣಿನ ಪಟ್ಟೆ. ಕೈಗೆಟುಕುವ ಎತ್ತರದವರೆಗೂ ಒಂದಿಂಚು ತೊಗಟೆ ಕಾಣುತ್ತಿರಲಿಲ್ಲ.

"ನೀವು ಬರ್ತೀರಂತ ಹೇಳಿ ಇಡೀ ಊರು ಕೂಡಿ ಹಚ್ಚೇವ್ರಿ ಮೇಡಮ್ಮಾರ," ಎಂದಳು ಚಂದನಾ, ಮುಖವೆಲ್ಲ ಬೆಳಗಿಸಿಕೊಂಡು. "ಮಂತ್ರಿ ಬಂದಾಗೂ ಇಷ್ಟು ಹಚ್ಚಿರಲಿಲ್ಲ. ಗುಡ್ಡಾನ ಮದುಮಗನ್ಹಂಗ ಮಾಡೇವಿ."

ಸಿಂಚನಾ ಯಂತ್ರವನ್ನು ಒಂದು ಬೊಡ್ಡೆಗೆ ಒತ್ತಿದರು. "ಗೋಡೆ," ಎಂದಿತು ಮರಗುರುತು. ಇನ್ನೊಂದಕ್ಕೆ ಒತ್ತಿದರು. ಅದೂ ಗೋಡೆಯೇ.

ಚಂದನಾಳ ಮುಖ ಬಾಡಿತು. ತಾನು ಮಾಡಿದ್ದೇನೆಂದು ಅವಳಿಗೆ ಆಗ ಹೊಳೆಯಿತು. "ಅಯ್ಯ ನನ್ನ ಶಿವನ! ನಮ್ಮ ಗುಡ್ಡಾನ ನಾವ ಕೈಯಾರೆ ಕಳಕೊಂಡ್ವೇನ್ರಿ?"

"ತೊಳೆದರೆ ಹೋಗುತ್ತಾ?" ಎಂದು ಧನುಷ್ ಕೇಳಿದರು.

"ಬಿರುಕಿನೊಳಗ ಇಳದೈತ್ರಿ. ಮಳಿಗಾಲ ಬರೂತನಕ ಹೋಗೂದಿಲ್ಲ," ಎಂದು ಸಿಂಚನಾ ನಕ್ಕರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಮರಕ್ಕೆ ಇಷ್ಟು ಮರ್ಯಾದೆ ಮಾಡಿದ ಊರನ್ನು ಅವರು ಎಲ್ಲೂ ಕಂಡಿರಲಿಲ್ಲ. "ಅಳಬ್ಯಾಡವಾ ಚಂದನಾ. ಮರಮರಕ್ಕ ಏಣಿ ಹಚ್ಚಕೋಂತ ಹೋದ್ರ ಹೊತ್ತು ಮುಳುಗತೈತಿ. ಆದ್ರ ಮರ ಬರೇ ಬೊಡ್ಡಿಯೊಳಗ ಇರೂದಿಲ್ಲ. ಊರಾಗ ದೋಟಿ ಅದಾವಿಲ್ಲೋ?"

ದೋಟಿ ಎಂದರೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಗಳ. ಆಡುಗಳಿಗೆ ಸೊಪ್ಪು ಕೊಯ್ಯಲು ಮುತ್ತಲಹಾಳದ ಮನೆಮನೆಯಲ್ಲೂ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಊರಿಗೆ ಊರೇ ದೋಟಿ ಹೊತ್ತು ಗುಡ್ಡ ಹತ್ತಿತು. ಬೆರಳಿನಷ್ಟು ದಪ್ಪದ ರೆಂಬೆಗಳು ಒಂದೊಂದಾಗಿ ಕೆಳಗೆ ಬಿದ್ದವು.

ಸಿಂಚನಾ ಯಂತ್ರದ ಹಿಂಬದಿಯ ಮುಚ್ಚಳ ತೆಗೆದರು. ಅಲ್ಲಿ ರೆಂಬೆಯ ತುದಿ ಹಿಡಿಸುವಷ್ಟು ಒಂದು ಗೂಡಿತ್ತು. "ಎಲಿ ಉದುರಿದ ಜಾಗದಾಗ ಒಂದು ಗಾಯದ ಗುರುತು ಉಳೀತೈತ್ರಿ. ಅದರ ಮ್ಯಾಲಿನ ಚುಕ್ಕಿ ಅಂದ್ರ ಎಲಿಗೆ ನೀರು ಹೋಗ್ತಿದ್ದ ಕೊಳವಿ," ಎಂದು ಧನುಷ್ ಅವರಿಗೆ ತೋರಿಸಿದರು. "ಅದರ ಮಗ್ಗುಲಾಗ ಮುಂದಿನ ವರ್ಷದ ಮೊಗ್ಗು ಮಲಗಿರತೈತಿ. ಅದರ ಹೊದಿಕಿ ಒಂದೊಂದು ಜಾತಿಗೆ ಒಂದೊಂದು ಥರ."

ಯಂತ್ರ ಹೇಳುತ್ತಾ ಹೋಯಿತು: ಮುತ್ತಲ, ಕಮರ, ಮಶವಾಳ, ಸೋಮೆ, ತಪಸಿ. ಪ್ರತಿ ಹೆಸರಿಗೂ ಜನ ಹೋ ಎಂದು ಕೂಗಿದರು. ತಮ್ಮ ಮನೆಯ ಮಕ್ಕಳ ಹೆಸರನ್ನು ಶಾಲೆಯ ವೇದಿಕೆಯಿಂದ ಕರೆದಾಗ ಆಗುವ ಹೆಮ್ಮೆ ಅದು. ಧನುಷ್ ಕೂಡ ವಾಚು ನೋಡುವುದನ್ನು ಮರೆತಿದ್ದರು.

ಕೊನೆಗೆ ಉಳಿದ, ಕಲ್ಲುಬಂಡೆಯ ಸಂದಿನಲ್ಲಿ ನಿಂತಿದ್ದ ಒಂದು ಮರದ ರೆಂಬೆಗೆ ಮಾತ್ರ ಯಂತ್ರ ತುಸು ತಡೆದು ಹೇಳಿತು: "ಪರಿಚಯವಿಲ್ಲ."

ಎತ್ತಿ ಹಿಡಿದಿದ್ದ ದೋಟಿಗಳು ಕೆಳಗಿಳಿದವು.

"ಹತ್ತಿರದ್ದು ಯಾವುದಾದ್ರೂ ಒಂದು ಹೆಸರು ಹೇಳಿಸ್ಬಿಡಿ ಡಾಕ್ಟ್ರೇ," ಎಂದರು ಧನುಷ್ ಮೆಲ್ಲಗೆ. "ನಾನು ಬರ್ಕೊಳ್ತೀನಿ."

"ಇಲ್ರಿ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನೂದನ್ನ ಅದಕ್ಕ ಕಲಿಸಾಕ ನಂಗ ಭಾಳ ವರ್ಷ ಹಿಡದಾವು. ಅದನ್ನ ಇವತ್ತ ಕೆಡಸಂಗಿಲ್ಲ." ಸಿಂಚನಾ ಕನ್ನಡಕ ಒರೆಸಿಕೊಂಡರು. ಮರಗುರುತಿನ ನೆನಪಿನಲ್ಲಿ ಬರಿ ಹೆಸರುಗಳ ಒಂದು ಮೂಲೆಯಿತ್ತು. ಹಿಂದಿನವರು ನೋಡಿ ವರ್ಣಿಸಿದ, ಆದರೆ ಯಂತ್ರ ಹುಟ್ಟುವ ಹೊತ್ತಿಗೆ ಎಲ್ಲೂ ಸಿಗದೆ ಹೋದ ಮರಗಳು ಅವು. ಹೆಸರಿತ್ತು, ವರ್ಣನೆಯಿತ್ತು, ತಾಳೆ ನೋಡಲು ಒಂದು ಚೂರು ತೊಗಟೆಯಾಗಲಿ ರೆಂಬೆಯಾಗಲಿ ಇರಲಿಲ್ಲ. "ನಾನು ಓದ್ತೇನಿ. ನೀವು ಭೂತಗನ್ನಡಿ ಹಿಡದು ನೋಡ್ರಿ. ನಾ ಹೇಳೂದು ಬ್ಯಾಡ, ನೀವ ಹೇಳ್ರಿ."

ಧನುಷ್ ಬಂಡೆಯ ಮೇಲೆ ಕೂತು ರೆಂಬೆಯನ್ನು ಕಣ್ಣಿಗೆ ಹತ್ತಿರ ತಂದರು. ಸಿಂಚನಾ ಯಂತ್ರದ ಪರದೆ ನೋಡಿ ಒಂದೊಂದೇ ವರ್ಣನೆ ಓದಿದರು. ಎರಡು ತಾಳೆಯಾಗಲಿಲ್ಲ. ಮೂರನೆಯದು: "ಎಲೆಯ ಗಾಯ ಕುದುರೆಲಾಳದ ಆಕಾರ."

"ಹೌದು."

"ಗಾಯದಲ್ಲಿ ಮೂರು ಚುಕ್ಕಿ, ನಡುವಿನದು ದೊಡ್ಡದು."

"ಹೌದು, ದೊಡ್ಡದೇ."

"ಮೊಗ್ಗಿನ ಮೇಲೆ ತುಕ್ಕಿನ ಬಣ್ಣದ ರೋಮ. ರೆಂಬೆ ಸೀಳಿದರೆ ತಿರುಳು ಹಸಿರು."

ಧನುಷ್ ಚಾಕುವಿನಿಂದ ರೆಂಬೆ ಸೀಳಿದರು. ತಿರುಳು ಹಸಿರಾಗಿತ್ತು. ಪರದೆಯ ಮೇಲಿನ ಹೆಸರನ್ನು ತಾವೇ ಗಟ್ಟಿಯಾಗಿ ಓದಿದರು: "ಕಲ್ಲುದಡಸಲ!" ಮತ್ತೆ ಸುತ್ತಲಿನವರತ್ತ ತಿರುಗಿ, "ಇಲ್ಲವಾಗಿದೆ ಅಂತ ಬರೆದಿದ್ದ ಮರ ಕಣ್ರೀ ಇದು. ನಿಮ್ಮೂರಲ್ಲಿದೆ. ಈ ಗುಡ್ಡ ಕಾಡು!" ಎಂದರು.

ಆಮೇಲಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಚಂದನಾ ಅಳುತ್ತಲೇ ನಗುತ್ತಿದ್ದಳು. ಏಣಿ ತರಿಸಿ, ಬಣ್ಣ ಮುಟ್ಟದ ಎತ್ತರದಲ್ಲಿ ಮರಗುರುತನ್ನು ತಾನೇ ತೊಗಟೆಗೆ ಒತ್ತಿ ಹಿಡಿದಳು. ಯಂತ್ರ ಕಲ್ಲುದಡಸಲವನ್ನು ನೆನಪಿಗೆ ಸೇರಿಸಿಕೊಂಡಿತು. ಇನ್ನು ದೇಶದ ಯಾವ ಮೂಲೆಯಲ್ಲಿ ಆ ಮರ ಸಿಕ್ಕರೂ ಅದನ್ನು ಗುರುತಿಸುವುದು ಮುತ್ತಲಹಾಳದ ಈ ಒಂದು ಮರದ ದೆಸೆಯಿಂದ.

"ತೊಗಟಿ ಸಿಗದ ಹೆಸರು ಇನ್ನೂ ಅದಾವೇನ್ರಿ?" ಎಂದು ಏಣಿಯ ಮೇಲಿನಿಂದಲೇ ಕೇಳಿದಳು.

ಸಿಂಚನಾ ಯಂತ್ರವನ್ನು ಅವಳಿಂದ ಕೈಗೆ ತೆಗೆದುಕೊಂಡು, ಪರದೆಯನ್ನು ಅವಳತ್ತ ತಿರುಗಿಸಿ ಬೆರಳಾಡಿಸಿದರು. ಹೆಸರುಗಳು ಮೇಲೇರುತ್ತ ಹೋದವು, ನಿಲ್ಲಲಿಲ್ಲ. "ಇವನ್ನೆಲ್ಲ ನಮ್ಮ ಅಜ್ಜನ ಕಾಲದ ಮಂದಿ ದಿನಾ ದಾಟಿಕೊಂಡು ಹೋಗ್ತಿದ್ರವಾ," ಎಂದರು. "ನಿಂತು ಕೇಳಿದವರು ಕಡಿಮಿ."

ಆ ಅಜ್ಜನ ಕಾಲದ ಮಂದಿ ನಾವು. ಆ ಪರದೆಯ ಮೇಲೆ ಬರಿ ಹೆಸರಾಗಿ ಉಳಿಯಲಿರುವ ಮರಗಳು ಈ ಬೇಸಿಗೆಯಲ್ಲಿ ಇನ್ನೂ ನಿಂತಿವೆ, ರೆಂಬೆಯ ತುದಿಯಲ್ಲಿ ಮುಂದಿನ ವರ್ಷದ ಮೊಗ್ಗನ್ನು ಹೊದಿಸಿ ಮಲಗಿಸಿಕೊಂಡು.